ಆರು ದಿನಗಳ ಆಚೆಯ ಹನುಮಂತಪ್ಪ

ಸಿಯಾಚಿನ್ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಯೋಧ ಎಂದೇ ನಾಡು ಅವರನ್ನು ನೆನೆಯುತ್ತದೆ. ಅದಕ್ಕೂ ಮೊದಲು ಹದಿಮೂರು ವರ್ಷ ಅವರು ಸೈನಿಕರಾಗಿದ್ದರು. ಅದರಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ. ಬೆಟದೂರಿನ ಹನುಮಂತಪ್ಪ ಕೊಪ್ಪದ ತೀರಿಕೊಂಡದ್ದು 2016ರ ಫೆಬ್ರುವರಿಯಲ್ಲಿ.

2016ರ ಫೆಬ್ರುವರಿ 8, ಸಂಜೆ. 19,600 ಅಡಿ ಎತ್ತರದ ಸೋನಂ ಠಾಣೆಯ ಜಾಗದಲ್ಲಿ ಸೈನಿಕರು ಹಿಮ ಕೊರೆಯುತ್ತಿದ್ದಾರೆ. ಗುದ್ದಲಿ ನಾಟುವುದಿಲ್ಲ. ಬಂಡೆ ಕೊರೆಯುವ ಡ್ರಿಲ್, ವಿದ್ಯುತ್ ಗರಗಸ, ನೆಲ ಕೊರೆಯುವ ಯಂತ್ರ ಎಲ್ಲವನ್ನೂ ಹೆಲಿಕಾಪ್ಟರ್‌ನಲ್ಲಿ ಹೊತ್ತು ತಂದಿದ್ದಾರೆ. ನಾಲ್ಕು ಏಟು ಹಾಕಿದರೆ ಏದುಸಿರು. ಅಲ್ಲಿನ ಗಾಳಿಯಲ್ಲಿ ಸಿಗುವ ಆಮ್ಲಜನಕ ನಮ್ಮೂರಿನ ಅರ್ಧದಷ್ಟು.

ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ಹಿಮದ ಮೇಲೆ ಮೂಸುತ್ತಾ ಓಡಾಡುತ್ತಿವೆ. ಹಿಮದೊಳಗೆ ಇಣುಕುವ ರೇಡಾರೂ ಇದೆ. ಅಗೆಯುತ್ತಿರುವವರಿಗೆ ಗೊತ್ತು, ಹುಡುಕುತ್ತಿರುವುದು ಶವಗಳನ್ನು. ಹತ್ತು ಮಂದಿ ಹೂತುಹೋಗಿ ಆರನೇ ದಿನ ಅದು. ಯಾರೂ ಬದುಕುಳಿದಿರುವ ಸಾಧ್ಯತೆ ಇಲ್ಲವೆಂದು ಆಗಲೇ ಹೇಳಿಯಾಗಿತ್ತು. ದೆಹಲಿಯಿಂದ ಸಂತಾಪದ ಸಂದೇಶಗಳೂ ಬಂದಿದ್ದವು.

ಸುಮಾರು ಇಪ್ಪತ್ತೈದು ಅಡಿ ಆಳದಲ್ಲಿ ಒಂದು ದೇಹ ಸಿಕ್ಕಿತು. ಮುಟ್ಟಿ ನೋಡಿದರು. ಉಸಿರಿತ್ತು.

ಆ ರಾತ್ರಿ ಉತ್ತರ ಸೇನಾ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಡಿ.ಎಸ್. ಹೂಡಾ ಸುದ್ದಿ ಖಚಿತಪಡಿಸಿದರು. ಬದುಕಿದ್ದವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 19ನೇ ಮದ್ರಾಸ್ ಬೆಟಾಲಿಯನ್, ಊರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರ. ಸಾವಿನ ಸುದ್ದಿ ಕೇಳಿ ದಿನಗಟ್ಟಲೆ ಅತ್ತಿದ್ದ ಮನೆಯೊಳಗೆ ಆ ರಾತ್ರಿ ಮಗ ಬದುಕಿದ್ದಾನೆಂಬ ಮಾತು ಬಂದು ಬಿತ್ತು.

ದರೆ ಕುಸಿದ ಹಾಗೆ

ಮಲೆನಾಡಿನ ಅಡ್ಡಗದ್ದೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ದರೆ ಕುಸಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಜಡಿಮಳೆಗೆ ನೆನೆದ ಗುಡ್ಡದ ಮಗ್ಗುಲು ಒಂದು ರಾತ್ರಿ ಸದ್ದಿಲ್ಲದೆ ಜಾರಿ ತೋಟ, ರಸ್ತೆ, ಕೊಟ್ಟಿಗೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸೋನಂನಲ್ಲಿ ಫೆಬ್ರುವರಿ 3ರಂದು ಆದದ್ದೂ ಅದೇ ಜಾತಿಯದು. ಕುಸಿದದ್ದು ಮಾತ್ರ ಹಿಮದ ಗೋಡೆ. ಡೇರೆಯೊಳಗಿದ್ದ ಹತ್ತು ಸೈನಿಕರ ಮೇಲೆ ಅದು ಇಡಿಯಾಗಿ ಬಿತ್ತು. ಕೋಣೆಯಷ್ಟು ದೊಡ್ಡ ಮಂಜುಗಡ್ಡೆಗಳು ಆ ರಾಶಿಯಲ್ಲಿದ್ದವು.

ಮರುದಿನ ಪಾಕಿಸ್ತಾನದ ಸೇನೆಯ ಕಡೆಯಿಂದ ಫೋನ್ ಬಂತು, ಹುಡುಕಾಟಕ್ಕೆ ನೆರವು ಬೇಕೇ ಎಂದು. ಭಾರತ ಧನ್ಯವಾದ ಹೇಳಿ, ಬೇಡವೆಂದಿತು. ಈ ಹಿಮದಲ್ಲಿ ಎದುರು ಪಕ್ಷದವರೂ ಹೂತುಹೋಗಿದ್ದಾರೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿದ್ದ ಪಾಕಿಸ್ತಾನಿ ಬೆಟಾಲಿಯನ್ ಕೇಂದ್ರದ ಮೇಲೆ ಹಿಮ ಜಾರಿ 140 ಮಂದಿ ಸತ್ತಿದ್ದರು. ಸಿಯಾಚಿನ್‌ನಲ್ಲಿ ಎರಡೂ ದೇಶಗಳಿಗೆ ಸಮಾನವಾದ ಶತ್ರು ಒಂದಿದೆಯೆಂದು ಆ ಫೋನ್ ಕರೆ ಮಾಡಿದವರಿಗೂ ಕೇಳಿಸಿಕೊಂಡವರಿಗೂ ಗೊತ್ತಿತ್ತು.

ಎರೆಮಣ್ಣಿನ ಹುಡುಗ

ಕುಂದಗೋಳ ಎಂದರೆ ಹಿಂದೂಸ್ತಾನಿ ಸಂಗೀತ ಬಲ್ಲವರಿಗೆ ಸವಾಯಿ ಗಂಧರ್ವರ ಊರು. ಉಳಿದವರಿಗೆ ಎರೆಭೂಮಿ. ಮಳೆಗೆ ಕಾಲಿಗೆ ಮೆತ್ತಿಕೊಳ್ಳುವ, ಬಿಸಿಲಿಗೆ ಬಾಯಿ ಬಿಡುವ ಕಪ್ಪು ನೆಲ. ಮುಂಗಾರಿಗೆ ಹತ್ತಿ, ಶೇಂಗಾ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಫೆಬ್ರುವರಿ ಎಂದರೆ ಅಲ್ಲಿ ಸುಗ್ಗಿಯ ದಿನಗಳು. ಹಿಮವನ್ನು ಕ್ಯಾಲೆಂಡರ್ ಚಿತ್ರದಲ್ಲಷ್ಟೇ ಕಾಣುವ ಊರು ಬೆಟದೂರ.

ಆ ಊರಿನ ಬಡ ರೈತರ ಮನೆಯ ಹುಡುಗ ಹನುಮಂತಪ್ಪ. ಹೈಸ್ಕೂಲಿಗೆಂದು ಅರಳಿಕಟ್ಟಿಗೆ ದಿನಾ ಆರು ಕಿಲೋಮೀಟರು ನಡೆಯುತ್ತಿದ್ದರು. ಮಿಲ್ಟ್ರಿ ಸೇರಬೇಕೆಂಬ ಹಟ ಆಗಿನಿಂದಲೇ ಇತ್ತು. ಹೋದಲ್ಲೆಲ್ಲ ತಕ್ಷಣ ಆಯ್ಕೆಯಾಗಲಿಲ್ಲ. ಮೂರು ಸಲ ವಾಪಸು ಬಂದರು. ಮತ್ತೆ ಹೋದರು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಿಲ್ಟ್ರಿ ಭರ್ತಿ ಎಂದರೆ ಏನೆಂದು ನೋಡಿದವರಿಗೇ ಗೊತ್ತು. ಬೆಳಗಿನ ಜಾವ ನಾಲ್ಕೂವರೆಗೆ ಟಾರು ರಸ್ತೆಯ ಮೇಲೆ ಹುಡುಗರ ಗುಂಪು ಓಡುತ್ತಿರುತ್ತದೆ. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ಭರ್ತಿಯ ದಿನ ಮೈದಾನದಲ್ಲಿ ಸಾವಿರಾರು ಮಂದಿ. ಓಟದಲ್ಲಿ ಕ್ಷಣ ತಡವಾದರೂ ಹೊರಗೆ. ಎದೆಯಳತೆ ಒಂದು ಸೆಂಟಿಮೀಟರು ಕಡಿಮೆಯಾದರೂ ಹೊರಗೆ. ಅಲ್ಲಿಂದ ಮೂರು ಸಲ ಬರಿಗೈಲಿ ಬಂದು ನಾಲ್ಕನೆಯ ಸಲಕ್ಕೆ ಮತ್ತೆ ನಸುಕಿನಲ್ಲಿ ಎದ್ದು ಓಡುವುದಕ್ಕೆ ಬೇಕಾಗುವ ಜೀವಬಲ ಸಣ್ಣದಲ್ಲ. ಹಿಮದಡಿಯ ಆರು ದಿನಗಳ ಬಗ್ಗೆ ಬೆರಗಾಗುವವರು ಈ ನಾಲ್ಕು ಯತ್ನಗಳನ್ನೂ ಲೆಕ್ಕಕ್ಕೆ ತಗೋಬೇಕು.

2002ರ ಅಕ್ಟೋಬರ್ 25ರಂದು ಅವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. 1758ರಷ್ಟು ಹಳೆಯ ಬೇರುಗಳಿರುವ ರೆಜಿಮೆಂಟು ಅದು. ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವ ಹಳ್ಳಿ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆಯುವ ಜಾಗ.

ಕೇಳಿ ಪಡೆದ ಕಷ್ಟ

ಸೈನ್ಯದ ದಾಖಲೆಯಲ್ಲಿ ಹನುಮಂತಪ್ಪ ಅವರ ಸೇವಾ ವಿವರ ಕೆಲವೇ ಸಾಲುಗಳಷ್ಟಿದೆ. ಆ ಸಾಲುಗಳನ್ನು ನಿಧಾನವಾಗಿ ಓದಬೇಕು.

2003ರಿಂದ 2006: ಜಮ್ಮು ಸೀಮೆಯ ಗುಡ್ಡಗಾಡು ಮಾಹೋರ್. ಉಗ್ರರ ವಿರುದ್ಧದ ಕಾರ್ಯಾಚರಣೆ. ಸೇರಿ ವರ್ಷ ಕಳೆಯುವುದರೊಳಗೆ ಇಪ್ಪತ್ತರ ಆಸುಪಾಸಿನ ಹುಡುಗನ ಕೈಯಲ್ಲಿ ಬಂದೂಕು, ಎದುರಿಗೆ ಯಾವ ಮರದ ಹಿಂದೆ ಯಾರಿದ್ದಾರೆಂದು ಗೊತ್ತಿಲ್ಲದ ಕಾಡು.

2008ರಿಂದ 2010: ಮತ್ತೆ ಜಮ್ಮು ಮತ್ತು ಕಾಶ್ಮೀರ. ಈ ಸಲ 54ನೇ ರಾಷ್ಟ್ರೀಯ ರೈಫಲ್ಸ್. ತಾನಾಗಿ ಹೆಸರು ಕೊಟ್ಟು ಹೋದದ್ದು.

2010ರಿಂದ 2012: ಈಶಾನ್ಯ. ಎನ್‌ಡಿಎಫ್‌ಬಿ ಮತ್ತು ಉಲ್ಫಾ ಬಂಡುಕೋರರ ವಿರುದ್ಧ. ಇದೂ ತಾನಾಗಿ ಹೆಸರು ಕೊಟ್ಟದ್ದು.

2015ರ ಆಗಸ್ಟ್: ಸಿಯಾಚಿನ್. ಅದೇ ಡಿಸೆಂಬರಿನಲ್ಲಿ ಅತಿ ಎತ್ತರದ ಠಾಣೆಗಳಲ್ಲೊಂದಕ್ಕೆ ಆಯ್ಕೆ.

ಸೈನ್ಯದಲ್ಲಿ ಕಷ್ಟದ ಪೋಸ್ಟಿಂಗ್ ಮುಗಿಸಿದವರಿಗೆ ಶಾಂತ ಊರಿನ ಪೋಸ್ಟಿಂಗ್ ಸಿಗುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಕ್ವಾರ್ಟರ್ಸಿನಲ್ಲಿ ಇರಬಹುದು. ಹಾಗೆ ಬಯಸುವುದು ತಪ್ಪೇನಲ್ಲ, ಎಲ್ಲ ಸೈನಿಕರಿಗೂ ಅದು ಹಕ್ಕಿನ ಬಿಡುವು. ಆ ಬಿಡುವಿನ ಹೊತ್ತಿನಲ್ಲಿ ಮತ್ತೆ ಮತ್ತೆ ಕೈ ಎತ್ತಿದವರು ಇವರು. ಹದಿಮೂರು ವರ್ಷಕ್ಕೆ ತೋಳಿನ ಮೇಲೆ ಬಂದದ್ದು ಲ್ಯಾನ್ಸ್ ನಾಯಕನ ಒಂದು ಪಟ್ಟಿ. ಮನೆಯಲ್ಲಿ ಪತ್ನಿ, ಎರಡು ವರ್ಷದ ಮಗಳು.

ಹನುಮಂತಪ್ಪ ಎಂಬ ಹೆಸರು ನಮಗೆ ಗೊತ್ತಾದದ್ದು ಟಿ.ವಿ.ಯ ಮೂರು ದಿನಗಳಲ್ಲಿ. ಅವರ ಬದುಕಿನ ಬಹುಪಾಲು ಯಾವ ಕ್ಯಾಮೆರಾವೂ ಇಲ್ಲದ ಮಾಹೋರಿನ ಕಣಿವೆಗಳಲ್ಲಿ, ಅಸ್ಸಾಮಿನ ಕಾಡುಗಳಲ್ಲಿ ಸವೆದಿತ್ತು. ಅವರ ಶೌರ್ಯವನ್ನು ಅಲ್ಲಿ ಹುಡುಕಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಹಿಮ ಮೈಮೇಲೆ ಬಿದ್ದಾಗ ಆರಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಆರಿಸಿಕೊಂಡದ್ದೆಲ್ಲ ಅದಕ್ಕೆ ಮೊದಲು.

> ಸಿಯಾಚಿನ್: ಘೋಷಣೆ ಇಲ್ಲದ ಯುದ್ಧ
>
> ಕಾರಾಕೋರಂ ಸಾಲಿನ ಈ ಹಿಮನದಿಯ ಉದ್ದ ಸುಮಾರು 76 ಕಿ.ಮೀ. ಇದು ಕರಗಿ ನುಬ್ರಾ ಹೊಳೆಯಾಗಿ ಶ್ಯೋಕ್ ಸೇರುತ್ತದೆ, ಶ್ಯೋಕ್ ಸಿಂಧುವಿಗೆ ಸೇರುತ್ತದೆ.
>
> 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ್’ ಮೂಲಕ ಭಾರತೀಯ ಸೇನೆ ಇಲ್ಲಿನ ಕಣಿವೆ ದಾರಿಗಳನ್ನು ಹಿಡಿಯಿತು. ಅಂದಿನಿಂದ ಒಂದು ದಿನವೂ ಠಾಣೆಗಳು ಖಾಲಿಯಾಗಿಲ್ಲ.
>
> 1987ರ ಜೂನ್‌ನಲ್ಲಿ ಸುಮಾರು 21,000 ಅಡಿ ಎತ್ತರದ ಪಾಕಿಸ್ತಾನಿ ಠಾಣೆಯನ್ನು ಗೆದ್ದ ನಾಯಿಬ್ ಸುಬೇದಾರ್ ಬಾನಾ ಸಿಂಗ್ ಅವರಿಗೆ ಪರಮವೀರ ಚಕ್ರ ಸಂದಿತು.
>
> 2003ರ ನವೆಂಬರ್ ಕದನ ವಿರಾಮದ ನಂತರ ಬಂದೂಕುಗಳು ಸುಮ್ಮನಾದವು. ಸಾವು ನಿಲ್ಲಲಿಲ್ಲ. 1984ರಿಂದ 2016ರ ಹೊತ್ತಿಗೆ 800ಕ್ಕೂ ಹೆಚ್ಚು ಭಾರತೀಯ ಸೈನಿಕರು ಇಲ್ಲಿ ಪ್ರಾಣ ಬಿಟ್ಟಿದ್ದರು. ಹೆಚ್ಚಿನವರನ್ನು ಕೊಂದದ್ದು ಹವಾಮಾನ.

ಮೇಲಿನ ಠಾಣೆಯ ದಿನಚರಿ

ಸಿಯಾಚಿನ್‌ಗೆ ಯಾರೂ ನೇರವಾಗಿ ಹತ್ತುವುದಿಲ್ಲ. ಕೆಳಗಿನ ಶಿಬಿರದ ಶಾಲೆಯಲ್ಲಿ ಹಿಮ ಹತ್ತುವುದು, ಬಿರುಕಿಗೆ ಬಿದ್ದವನನ್ನು ಎತ್ತುವುದು ಕಲಿಸುತ್ತಾರೆ. ಆಮೇಲೆ ಹಂತ ಹಂತವಾಗಿ ಮೇಲಕ್ಕೆ, ಮೈ ಆ ಗಾಳಿಗೆ ಒಗ್ಗುವ ತನಕ ಕಾದು ಕಾದು. ನಡೆಯುವಾಗ ಒಂದೇ ಹಗ್ಗಕ್ಕೆ ಎಲ್ಲರೂ ಸೊಂಟ ಕಟ್ಟಿಕೊಂಡಿರುತ್ತಾರೆ. ಮುಂದಿನವನ ಕಾಲ ಕೆಳಗೆ ಹಿಮ ಬಾಯಿ ತೆರೆದರೆ ಹಿಂದಿನವರ ತೂಕವೇ ಅವನಿಗೆ ಆಸರೆ.

ಮೇಲೆ ತಲುಪಿದ ಮೇಲೆ ವಾರಗಟ್ಟಲೆ ಸ್ನಾನವಿಲ್ಲ. ಕುಡಿಯುವ ನೀರೆಂದರೆ ಸೀಮೆಎಣ್ಣೆ ಸ್ಟೌವಿನ ಮೇಲೆ ಕರಗಿಸಿದ ಹಿಮ. ಊಟ ಡಬ್ಬಿಯದು, ಹಸಿವೂ ಆಗುವುದಿಲ್ಲ, ನಿದ್ದೆಯೂ ಹತ್ತುವುದಿಲ್ಲ. ಬರಿಗೈಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಅಂಟುತ್ತದೆ. ಮೈನಸ್ 40 ಡಿಗ್ರಿ ಚಳಿ, ಗಂಟೆಗೆ ನೂರು ಕಿಲೋಮೀಟರಿನ ಗಾಳಿ. ಮನುಷ್ಯರು ಶಾಶ್ವತವಾಗಿ ಊರು ಕಟ್ಟಿಕೊಂಡು ಇರಬಲ್ಲ ಎತ್ತರ ಇದಕ್ಕಿಂತ ಎಷ್ಟೋ ಕೆಳಗೇ ಮುಗಿದುಹೋಗುತ್ತದೆ. ಅಲ್ಲಿಂದ ಮೇಲೆ ಮೈ ತನ್ನನ್ನು ತಾನೇ ತಿನ್ನುತ್ತಾ ಹೋಗುತ್ತದೆ.

ಇಂಥ ಜಾಗದಲ್ಲಿ ಒಂದು ಸರದಿ ಮುಗಿಸಿ ಕೆಳಗಿಳಿದರೆ ಸಾಕು ಎಂದುಕೊಳ್ಳುವವರ ನಡುವೆ ಹನುಮಂತಪ್ಪ ಡಿಸೆಂಬರಿನಿಂದ ಇದ್ದರು.

ಆರು ದಿನ ಹೇಗೆ?

ಹಿಮ ಜಾರಿದಾಗ ಜನ ಸಾಯುವುದು ಹೆಚ್ಚಾಗಿ ಚಳಿಯಿಂದಲ್ಲ, ಉಸಿರುಗಟ್ಟಿ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಿಮದಡಿ ಸಿಕ್ಕಿದವರ ಬಗ್ಗೆ ವೈದ್ಯರು ಇಟ್ಟ ಲೆಕ್ಕ ಹೀಗಿದೆ: ಹದಿನೈದು ನಿಮಿಷದೊಳಗೆ ಎತ್ತಿದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಮೂವತ್ತೈದು ನಿಮಿಷ ದಾಟಿದರೆ ಮೂರು ಮಂದಿ. ಬಾಯಿ ಮೂಗಿನ ಮುಂದೆ ಬಿಟ್ಟ ಉಸಿರೇ ಹೆಪ್ಪುಗಟ್ಟಿ ಮುಚ್ಚಳವಾಗುತ್ತದೆ.

ಹನುಮಂತಪ್ಪ ಅವರಿಗೆ ಆ ಮುಚ್ಚಳ ಬೀಳಲಿಲ್ಲ. ಡೇರೆಯೊಳಗೆ ಗಾಳಿಯ ಒಂದು ಪೊಳ್ಳು ಉಳಿದಿತ್ತು. ಚಳಿಗೆ ಮೈ ಮಂದವಾದಷ್ಟೂ ಅದಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಇವೆರಡರ ಜೊತೆಗೆ ಹತ್ತು ವರ್ಷ ಗುಡ್ಡ ಹತ್ತಿ ಇಳಿದು ಗಟ್ಟಿಯಾದ ಮೈಯೊಂದಿತ್ತು. ಹೀಗೆ ಹೇಳಿದರೂ ಆರು ದಿನಕ್ಕೆ ಪೂರ್ತಿ ಉತ್ತರವಾಗುವುದಿಲ್ಲ. ಎಲ್ಲರೂ ಅದನ್ನು ಪವಾಡ ಎಂದರು.

ಪವಾಡ ಎನ್ನುವ ಮುಂಚೆ ಇನ್ನೊಂದು ಮಾತು ಹೇಳಬೇಕು. ಬದುಕಿರುವ ಆಸೆ ಬಿಟ್ಟಾಯಿತು ಎಂದ ಮೇಲೂ ನೂರೈವತ್ತಕ್ಕೂ ಹೆಚ್ಚು ಸೈನಿಕರು ಅಗೆಯುವುದನ್ನು ಬಿಡಲಿಲ್ಲ. ಜೊತೆಯವರ ಹೆಣವನ್ನಾದರೂ ಊರಿಗೆ ಕಳಿಸಬೇಕೆಂದು, ತಮ್ಮ ತಲೆಯ ಮೇಲೂ ಹಿಮ ಜಾರಬಹುದಾದ ಅದೇ ಜಾಗದಲ್ಲಿ ಹಗಲೂ ರಾತ್ರಿ ನಿಂತರು. ವೈದ್ಯರೂ ಅಲ್ಲೇ ದಿನಗಟ್ಟಲೆ ಕಾದಿದ್ದರು. ಹನುಮಂತಪ್ಪ ಸಿಕ್ಕ ಗಳಿಗೆಯಿಂದಲೇ ಅಲ್ಲಿಯೇ ಬೆಚ್ಚಗಿನ ಡ್ರಿಪ್ ಹಾಕಿದರು, ಬಿಸಿ ಮಾಡಿದ ಆಮ್ಲಜನಕ ಕೊಟ್ಟರು. ರಾತ್ರಿ ಕಳೆದು ಬೆಳಗಾದ ಮೇಲೆ ಹೆಲಿಕಾಪ್ಟರ್‌ನಲ್ಲಿ ಕೆಳಗಿಳಿಸಿ, ಥೋಯಿಸ್ ವಿಮಾನ ನೆಲೆಯಿಂದ ದೆಹಲಿಯ ಸೇನಾ ಆಸ್ಪತ್ರೆಗೆ ಮುಟ್ಟಿಸಿದರು.

ದೆಹಲಿಯ ವೈದ್ಯರ ಮೊದಲ ಪ್ರಕಟಣೆಯಲ್ಲಿ ಎರಡೂ ಇದ್ದವು, ಆಸೆ ಮತ್ತು ಅಂಜಿಕೆ. ಮೈಗೆ ಹಿಮಗಡಿತವಿಲ್ಲ, ಮೂಳೆಗೆ ಪೆಟ್ಟಿಲ್ಲ. ಪ್ರಜ್ಞೆ ಇಲ್ಲ. ರಕ್ತದೊತ್ತಡ ತಳ ಹಿಡಿದಿದೆ. ಮೈಯಲ್ಲಿ ನೀರಿಲ್ಲ, ರಕ್ತದಲ್ಲಿ ಸಕ್ಕರೆ ಇಲ್ಲ. ಶ್ವಾಸಕೋಶದಲ್ಲಿ ನ್ಯುಮೋನಿಯಾ, ಮೂತ್ರಪಿಂಡ ಮತ್ತು ಯಕೃತ್ತು ಕೈಕೊಡುತ್ತಿವೆ. ಮುಂದಿನ ಎರಡು ದಿನ ಗಂಡಾಂತರದ್ದು ಎಂದು ಅವರು ಮುಚ್ಚಿಡದೆ ಹೇಳಿದರು. ತಣ್ಣಗಾಗಿದ್ದ ಅಂಗಾಂಗಗಳಿಗೆ ರಕ್ತ ಮತ್ತೆ ಹರಿಯತೊಡಗಿದಾಗ, ಅಲ್ಲಿ ಕೂಡಿಕೊಂಡಿದ್ದ ವಿಷವೆಲ್ಲ ಮೈತುಂಬ ಹಬ್ಬುತ್ತದೆ. ಬದುಕಿಸಲು ಬೆಚ್ಚಗೆ ಮಾಡಲೇಬೇಕು, ಬೆಚ್ಚಗಾಗುವುದೇ ಅಪಾಯ.

ಪ್ರಧಾನಿ ಆಸ್ಪತ್ರೆಗೆ ಬಂದು ನೋಡಿಹೋದರು. ಏಮ್ಸ್ ವೈದ್ಯರು ಬಂದರು. ಹುಬ್ಬಳ್ಳಿಯ ಗುಡಿ, ಮಸೀದಿ, ಚರ್ಚುಗಳಲ್ಲಿ ಜನ ಕೈ ಜೋಡಿಸಿದರು. ಉತ್ತರ ಪ್ರದೇಶದ ಮಹಿಳೆಯೊಬ್ಬರು ತಮ್ಮ ಮೂತ್ರಪಿಂಡ ಕೊಡುತ್ತೇನೆಂದು ಮುಂದೆ ಬಂದರು. ಬೆಟದೂರ ಎಲ್ಲಿದೆ ಎಂದು ಗೊತ್ತಿಲ್ಲದ ಹೆಣ್ಣುಮಗಳು ಆಕೆ.

ಫೆಬ್ರುವರಿ 11, ಬೆಳಿಗ್ಗೆ 11 ಗಂಟೆ 45 ನಿಮಿಷ. ಮೂವತ್ತಮೂರನೇ ವಯಸ್ಸಿಗೆ ಹನುಮಂತಪ್ಪ ಹೋದರು.

ಅವರ ಮನೆಯವರು ಒಂಬತ್ತು ದಿನಗಳೊಳಗೆ ಅವರನ್ನು ಎರಡು ಸಲ ಕಳೆದುಕೊಂಡರು. ಅದನ್ನು ನಾವು ಯಾರೂ ಸರಿಯಾಗಿ ಊಹಿಸಲಾರೆವು. ಆ ದಿನಗಳಲ್ಲಿ ಆ ಮನೆಯ ಬಾಗಿಲಲ್ಲಿ ಮೈಕು ಹಿಡಿದು ‘ಹೇಗನಿಸುತ್ತಿದೆ’ ಎಂದು ಕೇಳಿದ್ದು ಪತ್ರಿಕಾವೃತ್ತಿಯ ಒಳ್ಳೆಯ ಗಳಿಗೆಯಲ್ಲ.

ಎರೆಮಣ್ಣಿಗೆ ಮರಳಿ

ಫೆಬ್ರುವರಿ 12ರಂದು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಸಾರ್ವಜನಿಕ ದರ್ಶನ. ಬಿಸಿಲಿನಲ್ಲಿ ಸಾಲು ಕರಗಲೇ ಇಲ್ಲ. ಅಲ್ಲಿಂದ ಬೆಟದೂರಿಗೆ. ದಾರಿಯುದ್ದಕ್ಕೂ ಹೊಲದ ಕೆಲಸ ಬಿಟ್ಟು ಬಂದವರು ನಿಂತಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ನಮನ ಸಲ್ಲಿಸಿದರು. ಸೇನಾ ಗೌರವದೊಂದಿಗೆ ಊರಿನಲ್ಲೇ ಮಣ್ಣು ಮಾಡಿದರು. 2017ರ ಜನವರಿ 15ರ ಸೇನಾ ದಿನದಂದು ದೆಹಲಿಯಲ್ಲಿ ಅವರ ಮರಣೋತ್ತರ ಸೇನಾ ಪದಕವನ್ನು ಪತ್ನಿ ಸ್ವೀಕರಿಸಿದರು.

ಸಿಯಾಚಿನ್‌ನಲ್ಲಿ ಸತ್ತವರೆಲ್ಲ ಹೀಗೆ ಊರಿಗೆ ಬರುವುದಿಲ್ಲ. 1984ರ ಮೇ 29ರಂದು ಹಿಮಕ್ಕೆ ಸಿಕ್ಕ 19ನೇ ಕುಮಾಂವ್ ಬೆಟಾಲಿಯನ್ನಿನ ಚಂದ್ರಶೇಖರ್ ಹರ್ಬೋಲಾ ಅವರ ಅವಶೇಷ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಸೈನ್ಯದ ಸಂಖ್ಯೆ ಕೊರೆದ ಲೋಹದ ಬಿಲ್ಲೆಯಿಂದ ಗುರುತು ಹಿಡಿದರು. ಮೂವತ್ತೆಂಟು ವರ್ಷ ಉತ್ತರಾಖಂಡದ ಒಂದು ಮನೆ ಕಾದಿತ್ತು.

ಗಯಾರಿಯ ದುರಂತದ ನಂತರ, ಆಗ ಪಾಕಿಸ್ತಾನದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕಯಾನಿ ಈ ಪ್ರದೇಶದಿಂದ ಸೈನ್ಯ ಹಿಂದಕ್ಕೆ ಹೋಗಬೇಕೆಂದು ಹೇಳಿದ್ದರು. ಈಗ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಮೊದಲು ನಕಾಶೆಯ ಮೇಲೆ ಬರೆದು ಒಪ್ಪಿಕೊಳ್ಳಿ ಎಂಬುದು ಭಾರತದ ನಿಲುವು. ಆ ಮಾತುಕತೆ ಅಲ್ಲಿಯೇ ನಿಂತಿದೆ. ಕಾರ್ಗಿಲ್ ಕಂಡ ದೇಶ ಖಾಲಿ ಬಿಟ್ಟ ಶಿಖರವನ್ನು ಮತ್ತೆ ನಂಬುವುದು ಕಷ್ಟವೆಂಬುದು ನನಗೂ ಅರ್ಥವಾಗುತ್ತದೆ. ಹಾಗೆಂದು ಎರಡೂ ಕಡೆಯ ಹಳ್ಳಿಮಕ್ಕಳು ಗುಂಡು ಹಾರದ ಯುದ್ಧದಲ್ಲಿ ಹಿಮಕ್ಕೆ ಬಲಿಯಾಗುತ್ತಲೇ ಇರಬೇಕೆಂಬುದನ್ನು ಒಪ್ಪಿಕೊಳ್ಳುವುದೂ ಆಗುವುದಿಲ್ಲ.

ಇನ್ನೊಂದು ವಿಷಯ ಹತ್ತು ವರ್ಷದಿಂದ ಚುಚ್ಚುತ್ತಿದೆ. ಅಂದು ಹಿಮ ಬಿದ್ದದ್ದು ಹತ್ತು ಮಂದಿಯ ಮೇಲೆ. ಅವರಲ್ಲಿ ಮೂವರು ಕರ್ನಾಟಕದವರು. ಹನುಮಂತಪ್ಪ ಬದುಕಿ ಸಿಕ್ಕಿದ್ದರಿಂದ ಅವರ ಹೆಸರು ಮನೆಮಾತಾಯಿತು, ಆಗಬೇಕಾದದ್ದೇ. ಉಳಿದ ಒಂಬತ್ತು ಮಂದಿಯ ದೇಹಗಳು ಹವಾಮಾನ ತಿಳಿಯಾಗುವ ತನಕ ಹಿಮನದಿಯ ಮೇಲೆಯೇ ಕಾದವು. ಫೆಬ್ರುವರಿ 15ರಂದು ದೆಹಲಿ ತಲುಪಿದಾಗ ಟಿ.ವಿ. ಬೇರೆ ಸುದ್ದಿಗೆ ಹೊರಳಿತ್ತು. ತೇಜೂರಿನ ನಾಗೇಶ, ಎಚ್.ಡಿ. ಕೋಟೆಯ ಮಹೇಶ ಎಂಬ ಹೆಸರು ಹೇಳಿದರೆ ಇವತ್ತು ಅವರ ಜಿಲ್ಲೆಯ ಆಚೆ ಎಷ್ಟು ಮಂದಿಗೆ ನೆನಪಾಗುತ್ತದೆ? ಅದೇ ಡೇರೆ, ಅದೇ ಚಳಿ, ಅದೇ ಬೆಳಗು. ಹನುಮಂತಪ್ಪ ಅವರ ಪುಣ್ಯತಿಥಿಯಂದು ಹೂವಿಡುವ ಶಾಲೆಗಳು ಈ ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆಯಲಿ.

> ಸೋನಂನಲ್ಲಿ ಜೊತೆಗಿದ್ದವರು
>
> ಸುಬೇದಾರ್ ನಾಗೇಶ ಟಿ.ಟಿ., ತೇಜೂರು, ಹಾಸನ
>
> ಹವಾಲ್ದಾರ್ ಎಲುಮಲೈ ಎಂ., ವೆಲ್ಲೂರು ಜಿಲ್ಲೆ
>
> ಲ್ಯಾನ್ಸ್ ಹವಾಲ್ದಾರ್ ಎಸ್. ಕುಮಾರ್, ತೇನಿ ಜಿಲ್ಲೆ
>
> ಲ್ಯಾನ್ಸ್ ನಾಯಕ್ ಸುಧೀಶ್ ಬಿ., ಕೊಲ್ಲಂ ಜಿಲ್ಲೆ
>
> ಸಿಪಾಯಿ ಮಹೇಶ ಪಿ.ಎನ್., ಎಚ್.ಡಿ. ಕೋಟೆ, ಮೈಸೂರು
>
> ಸಿಪಾಯಿ ಗಣೇಶನ್ ಜಿ., ಮದುರೈ ಜಿಲ್ಲೆ
>
> ಸಿಪಾಯಿ ರಾಮಮೂರ್ತಿ ಎನ್., ಕೃಷ್ಣಗಿರಿ ಜಿಲ್ಲೆ
>
> ಸಿಪಾಯಿ ಮುಷ್ತಾಕ್ ಅಹ್ಮದ್ ಎಸ್., ಕರ್ನೂಲು ಜಿಲ್ಲೆ
>
> ಸಿಪಾಯಿ (ಶುಶ್ರೂಷಾ ಸಹಾಯಕ) ಸೂರ್ಯವಂಶಿ ಎಸ್.ವಿ., ಸತಾರಾ ಜಿಲ್ಲೆ